ಎಂಜಿಬಿಗೆ ಹೊಸ ಸೈಲೆನ್ಸರ್ ಹಾಕಿ, ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಮಾತ್ರ ಬಿಚ್ಚಬೇಡಿ

ಪ್ರಶ್ನೆ: ನಾನು ಮೈಸೂರಿನವನು, ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕೆಲಸದಲ್ಲಿದ್ದೇನೆ. ಹೋದ ವರ್ಷ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಟಾಪು ಮಡಚುವ 1972ರ ಎಂಜಿಬಿ ರೋಡ್‌ಸ್ಟರ್ ಕೊಂಡೆ. ಓವರ್‌ಡ್ರೈವ್ (ದೂರದ ಓಟಕ್ಕೆ ಎಂಜಿನ್ ವೇಗ ತಗ್ಗಿಸುವ ಹೆಚ್ಚುವರಿ ಗೇರ್) ಇದೆ, ಎಂಜಿನ್ ಆರೋಗ್ಯವಾಗಿದೆ. ಸೈಲೆನ್ಸರ್ ಲೈನಿನಲ್ಲಿ ಎರಡು ಡಬ್ಬಗಳಿವೆ, ಹಿಂದಿನದು ತುಕ್ಕು ಹಿಡಿದು ತೂತಾಗಿದೆ. ಹೇಗಿದ್ದರೂ ಬದಲಿಸಬೇಕು. ಹಾಗಾಗಿ ಎಂಜಿನ್ ಪಕ್ಕದ, ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್‌ನಿಂದ ಹಿಡಿದು ಬಾಲದ ಪೈಪಿನವರೆಗೆ ಪೂರ್ತಿ ದೊಡ್ಡ ಬೋರಿನ ಸ್ಟೇನ್‌ಲೆಸ್ ಸೆಟ್ ಹಾಕೋಣ ಅಂತಿದ್ದೇನೆ. ಪಿಕಪ್ ಜಾಸ್ತಿ ಆಗುತ್ತಾ? ಸದ್ದು ಚೆನ್ನಾಗಿ ಬರಬೇಕು, ಆದರೆ ದೂರದ ಪ್ರಯಾಣದಲ್ಲಿ ಹೆಂಡತಿಗೆ ತಲೆನೋವು ಬರಬಾರದು. ಬ್ಯಾಕ್ ಪ್ರೆಶರ್ (ಹೊರಹೋಗುವ ಹೊಗೆಗೆ ಪೈಪು ಒಡ್ಡುವ ತಡೆ) ಹೋದರೆ ಎಂಜಿನ್ ಹಾಳಾಗುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ನಾನೇ ಕೂಡಿಸಬಹುದಾ?

ಉತ್ತರ: ಮ್ಯಾನಿಫೋಲ್ಡ್ ಇದ್ದಂತೆ ಇರಲಿ, ಅದರ ಕೆಳಗಿನದ್ದೆಲ್ಲ ಬದಲಿಸಿ. ಸ್ಟೇನ್‌ಲೆಸ್ ಹಾಕಿ, ಆದರೆ ಪೈಪಿನ ಅಗಲ ಸುಮ್ನೆ ಹೆಚ್ಚಿಸಬೇಡಿ. ಎರಡು ಡಬ್ಬಗಳನ್ನೂ ಉಳಿಸಿಕೊಳ್ಳಿ. ಪಿಕಪ್‌ನಲ್ಲಿ ಕಾಲಿಗೆ ಗೊತ್ತಾಗುವಂಥ ವ್ಯತ್ಯಾಸ ಬರುವುದಿಲ್ಲ. ಸದ್ದು ಚೆನ್ನಾಗುತ್ತದೆ, ತುಕ್ಕಿನ ಚಿಂತೆ ಬಹಳ ವರ್ಷ ದೂರವಾಗುತ್ತದೆ. ನೀವೇ ಕೂಡಿಸಬಹುದು, ಒಂದು ಶನಿವಾರ ಭಾನುವಾರ ಸಾಕು.

ಮ್ಯಾನಿಫೋಲ್ಡ್ ಯಾಕೆ ಮುಟ್ಟಬೇಡಿ ಅಂದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲರೂ ದುಡ್ಡು ಕಳೆದುಕೊಳ್ಳುವುದು ಅಲ್ಲೇ.

ನಾನು ಕೆಲಸ ಕಲಿತದ್ದು ಅಂಬಾಸಿಡರ್ ಕಾರುಗಳ ಮೇಲೆ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ನಿಮ್ಮ ಎಂಜಿಬಿಯ 1798 ಸಿಸಿ ಎಂಜಿನ್ ಒಂದೇ ಮನೆತನದವು. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಮೊದಲ ಸಲ ಎಂಜಿಬಿಯ ಬಾನೆಟ್ ಎತ್ತಿದಾಗ ನನಗೆ ಹಳೇ ನೆಂಟರ ಮನೆಗೆ ಹೋದ ಹಾಗಾಯಿತು. ಈ ಮನೆತನದ ಒಂದು ಗುಣ ನೆನಪಿಡಿ. ಸಿಲಿಂಡರ್ ನಾಲ್ಕಿದ್ದರೂ ಹೊಗೆ ಹೊರಬರಲು ಸಿಲಿಂಡರ್‌ಗಳ ಮೇಲಿನ ಹೆಡ್‌ನಲ್ಲಿ ಇರುವುದು ಮೂರೇ ಬಾಯಿ. ಒಂದನೇ ಸಿಲಿಂಡರಿಗೆ ಒಂದು, ನಾಲ್ಕನೆಯದಕ್ಕೆ ಒಂದು. ನಡುವಿನ ಎರಡು ಮತ್ತು ಮೂರಕ್ಕೆ ಸೇರಿ ಒಂದೇ. ನೀವು ಎಷ್ಟೇ ದುಬಾರಿ ಟ್ಯೂಬ್ ಮ್ಯಾನಿಫೋಲ್ಡ್ (ಕೊಳವೆಗಳನ್ನು ಬೆಸೆದು ಮಾಡಿದ್ದು) ತಂದರೂ ಅದು ಈ ಮೂರು ಬಾಯಿಗಳಿಂದಲೇ ಶುರುವಾಗಬೇಕು. ನಡುವಿನ ಬಾಯಿಯೊಳಗೆ ಎರಡು ಸಿಲಿಂಡರಿನ ಹೊಗೆ ಆಗಲೇ ಬೆರೆತಿರುತ್ತದೆ. ಅದನ್ನು ಯಾವ ಪೈಪೂ ಬೇರೆ ಮಾಡಲಾರದು.

ಈಗ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ ನೋಡಿ: 1-3-4-2. ಒಂದಾದ ಮೇಲೆ ಮೂರು, ಆಮೇಲೆ ನಾಲ್ಕು, ಆಮೇಲೆ ಎರಡು. ಒಂದು ಮತ್ತು ನಾಲ್ಕರ ನಡುವೆ ಎಂಜಿನ್ನಿನ ತಿರುಗುವ ದಂಡ (ಕ್ರ್ಯಾಂಕ್) ಸರಿಯಾಗಿ ಒಂದು ಸುತ್ತು ತಿರುಗುತ್ತದೆ. ಎರಡು ಮತ್ತು ಮೂರರ ನಡುವೆಯೂ ಅಷ್ಟೇ. ಅಂದರೆ ಒಂದು ಮತ್ತು ನಾಲ್ಕನ್ನು ಒಂದು ಪೈಪಿಗೆ, ಎರಡು ಮತ್ತು ಮೂರನ್ನು ಇನ್ನೊಂದು ಪೈಪಿಗೆ ಬಿಟ್ಟರೆ, ಪ್ರತಿ ಪೈಪಿನಲ್ಲೂ ಹೊಗೆ ಸಮ ಅಂತರದಲ್ಲಿ ಬರುತ್ತದೆ. ಒಂದು ಉಸಿರು ಇನ್ನೊಂದು ಉಸಿರಿಗೆ ಅಡ್ಡ ಬರುವುದಿಲ್ಲ. ಎಂಜಿಬಿಯ ಮೂಲ ಮ್ಯಾನಿಫೋಲ್ಡ್ ಮಾಡುವುದು ಇದನ್ನೇ. ಅದಕ್ಕೇ ಅದರ ಕೆಳಗೆ ಎರಡು ಬಾಯಿಗಳಿವೆ. ಅಲ್ಲಿಂದ ಎರಡು ಪೈಪು ಇಳಿದು, ಸ್ವಲ್ಪ ದೂರ ಹೋಗಿ ಒಂದಾಗುತ್ತವೆ. ಟ್ಯೂಬ್ ಮ್ಯಾನಿಫೋಲ್ಡ್ ಮಾರುವವರು ದುಡ್ಡು ತೆಗೆದುಕೊಂಡು ಕೊಡುವ ಉಪಾಯವನ್ನು ಕಾರ್ಖಾನೆಯವರು ಬೀಡಿನಲ್ಲಿ ಎರಕ ಹೊಯ್ದು ಮೊದಲೇ ಕೊಟ್ಟಿದ್ದಾರೆ. ನೋಡಲು ಒರಟು, ಕಪ್ಪು, ಭಾರ. ಆದರೆ ಒಳಗಿನ ಲೆಕ್ಕ ಸರಿಯಾಗಿದೆ.

ಇನ್ನು ಎಂಜಿನ್ನಿನ ಸ್ವಭಾವ. ಪಿಸ್ಟನ್ ಓಡಾಟ ಸುಮಾರು 89 ಮಿ.ಮೀ., ಬೋರು 80 ಮಿ.ಮೀ. ಚಿಲ್ಲರೆ. ಇದು ಮೇಲಕ್ಕೆ ಕೂಗುವ ಎಂಜಿನ್ ಅಲ್ಲ, ಕೆಳಗಿನಿಂದ ಎಳೆಯುವ ಎಂಜಿನ್. 1962ರಲ್ಲಿ ಕಾರು ಬಂದಾಗ ಕಂಪನಿ ಹೇಳಿದ್ದು 5400 ಆರ್‌ಪಿಎಂನಲ್ಲಿ 95 ಬಿಎಚ್‌ಪಿ. ಆದರೆ ಟಾರ್ಕ್ (ಎಳೆಯುವ ಬಲ) ತುದಿಗೆ ಬರುವುದು 3000ದ ಹತ್ತಿರವೇ. ಟ್ಯೂಬ್ ಮ್ಯಾನಿಫೋಲ್ಡ್ ಏನಾದರೂ ಕೊಟ್ಟರೆ ಅದು 5000ದ ಮೇಲೆ. ಹೆಡ್ ಪೋರ್ಟಿಂಗ್ ಮಾಡಿಸಿ (ಅದರ ಬಾಯಿಗಳನ್ನು ಕೊರೆದು ನುಣುಪು ಮಾಡಿಸಿ), ವಾಲ್ವ್ ತೆರೆಸುವ ಕ್ಯಾಮ್ ಬದಲಿಸಿ, ರೇಸಿಗೆ ಇಳಿಸುವವರಿಗೆ ಅದು ಬೇಕು. ಭಾನುವಾರ ಕಾಟ್ಸ್‌ವೋಲ್ಡ್ಸ್ ಕಡೆ ಹೋಗಿ ಬರುವ ನಿಮಗೆ ಬೇಡ.

ನನ್ನ ಸ್ವಂತ ಅನುಭವವನ್ನೂ ಹೇಳುತ್ತೇನೆ. ನನ್ನ ಮೊದಲ ಎಂಜಿಬಿಗೆ ನಾನೂ ಒಂದು ಟ್ಯೂಬ್ ಮ್ಯಾನಿಫೋಲ್ಡ್ ಹಾಕಿದೆ. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಮ್ಯಾನಿಫೋಲ್ಡ್ ಮತ್ತು ಹೊಗೆ ಹೊರಬರುವ ಮ್ಯಾನಿಫೋಲ್ಡ್ ಎರಡೂ ಒಂದೇ ಮಗ್ಗುಲಲ್ಲಿ, ಒಂದೇ ಪ್ಯಾಕಿಂಗ್ ಮೇಲೆ ಕೂರುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯುವುದು ದಪ್ಪ ವಾಶರ್‌ಗಳು. ವಾಶರಿನ ಅರ್ಧ ಭಾಗ ಇದರ ಮೇಲೆ, ಅರ್ಧ ಭಾಗ ಅದರ ಮೇಲೆ. ಎರಡರ ಫ್ಲ್ಯಾಂಜ್ (ಹೆಡ್‌ಗೆ ಕೂರುವ ಅಂಚು) ದಪ್ಪ ಒಂದೇ ಇದ್ದರೆ ಮಾತ್ರ ಒತ್ತಡ ಸಮ ಬೀಳುತ್ತದೆ. ನಾನು ತಂದದ್ದರ ಫ್ಲ್ಯಾಂಜ್ ತೆಳ್ಳಗಿತ್ತು. ವಾಶರ್ ಓರೆಯಾಯಿತು. ಮೂರೇ ವಾರದಲ್ಲಿ ಪ್ಯಾಕಿಂಗ್ ಸುಟ್ಟು ಟಪ್ ಟಪ್ ಎಂದು ಹೊಗೆ ಸೋರತೊಡಗಿತು. ಬಿಚ್ಚಿ, ವಾಶರ್‌ಗಳನ್ನು ಒಂದೊಂದಾಗಿ ಮೆಟ್ಟಿಲಿನಂತೆ ಉಜ್ಜಿ ಕೂರಿಸಿದೆ. ಸೋರಿಕೆ ನಿಂತಿತು, ಆದರೆ ಇನ್ನೊಂದು ತೊಂದರೆ ಶುರುವಾಯಿತು. ತೆಳು ಟ್ಯೂಬು ಬೀಡಿಗಿಂತ ಜಾಸ್ತಿ ಬಿಸಿಯನ್ನು ಸುತ್ತಲೂ ಉಗುಳುತ್ತದೆ. ಕಾರ್ಬುರೇಟರ್ ಅದರ ಮೇಲೆಯೇ ಕೂತಿದೆ. ಬೇಸಿಗೆಯ ಟ್ರಾಫಿಕ್‌ನಲ್ಲಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿಯತೊಡಗಿತು. ಸಿಗ್ನಲ್‌ನಲ್ಲಿ ಎಂಜಿನ್ ಮಿಸ್ಸಿಂಗ್, ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಒದ್ದಾಟ. ಒಂದು ಬೇಸಿಗೆ ಸಹಿಸಿಕೊಂಡೆ. ಆಮೇಲೆ ಹಳೆಯ ಬೀಡಿನದ್ದನ್ನೇ ತಂದು ಕೂರಿಸಿದೆ. ರಸ್ತೆಯಲ್ಲಿ ಏನೂ ಕಳೆದುಕೊಂಡ ಹಾಗೆ ಅನ್ನಿಸಲಿಲ್ಲ.

ಟ್ಯೂಬಿಗೆ ಬಟ್ಟೆಯಂಥ ಹೀಟ್ ರ್‍ಯಾಪ್ ಸುತ್ತಿದರೆ ಆಯ್ತಲ್ವಾ ಎಂದು ಕೇಳುತ್ತಾರೆ. ಬೇಡ. ವಾರಕ್ಕೊಮ್ಮೆ ಹೊರಬರುವ ಕಾರಿನಲ್ಲಿ ಅದು ತೇವ ಹೀರಿಕೊಂಡು ಕೂರುತ್ತದೆ, ಸಾದಾ ಉಕ್ಕಿನ ಪೈಪು ಅದರೊಳಗೇ ಕೊಳೆಯುತ್ತದೆ.

ಹಾಗಾದರೆ ನಿಮ್ಮ ಬೀಡಿನ ಮ್ಯಾನಿಫೋಲ್ಡ್‌ಗೆ ಮಾಡಬೇಕಾದ್ದು ಇಷ್ಟೇ. ಸೋರುತ್ತಿಲ್ಲ ಎಂದಾದರೆ ಹೆಡ್‌ನಿಂದ ಬಿಚ್ಚಲೇ ಬೇಡಿ. ಸೋರುತ್ತಿದ್ದರೆ ಬಿಚ್ಚಿ, ಬಿರುಕು ಇದೆಯೇ ನೋಡಿ. ನೇರ ಪಟ್ಟಿ ಇಟ್ಟು ಮುಖ ಸಮ ಇದೆಯೇ ಪರೀಕ್ಷಿಸಿ. ಡೊಂಕಿದ್ದರೆ ಮಷಿನ್ ಶಾಪಿನಲ್ಲಿ ಒಂದು ಫೇಸಿಂಗ್ ಮಾಡಿಸಿ. ಹೊಸ ಪ್ಯಾಕಿಂಗ್ ಹಾಕಿ. ಉಳಿದ ದುಡ್ಡನ್ನು ಹೆಡ್ ಕೆಲಸಕ್ಕೆ ಇಟ್ಟುಕೊಳ್ಳಿ. ಪಿಕಪ್ ನಿಜವಾಗಿ ಅಡಗಿರುವುದು ಅಲ್ಲಿ.

ಅಮೆರಿಕದಲ್ಲಿ ಎಂಜಿಬಿ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. ಅಲ್ಲಿಗೆ 1975ರಿಂದ ಹೋದ ಕಪ್ಪು ಬಂಪರಿನ ಕಾರುಗಳಲ್ಲಿ ಎರಡು ಎಸ್‌ಯು ಕಾರ್ಬುರೇಟರ್ ಬದಲು ಒಂದೇ ಸ್ಟ್ರಾಮ್‌ಬರ್ಗ್ ಇರುತ್ತದೆ, ಮ್ಯಾನಿಫೋಲ್ಡೂ ಬೇರೆ. ಅಲ್ಲಿ ಮ್ಯಾನಿಫೋಲ್ಡ್ ಬದಲಿಸಿದರೆ ಲಾಭ ಇದೆ. ಆದರೆ ಕಾರಿನ ಜೊತೆ ಬಂದ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವುದು ಅಲ್ಲಿ ಕಾನೂನಿಗೆ ವಿರುದ್ಧ.

ಬ್ಯಾಕ್ ಪ್ರೆಶರ್ ವಿಷಯಕ್ಕೆ ಬರೋಣ. ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕು ಎಂಬುದು ತಪ್ಪು. ಯಾವ ಎಂಜಿನ್ನಿಗೂ ಅದು ಬೇಡ. ಬೇಕಾಗಿರುವುದು ಹೊಗೆಯ ವೇಗ. ಕೊಳವೆಯಲ್ಲಿ ಜೋರಾಗಿ ಹೋಗುವ ಹೊಗೆ ತನ್ನ ಹಿಂದೆ ಸ್ವಲ್ಪ ಸೆಳೆತ ಬಿಟ್ಟು ಹೋಗುತ್ತದೆ. ಆ ಸೆಳೆತ ಮುಂದಿನ ಸಿಲಿಂಡರ್ ಖಾಲಿಯಾಗಲು ಸಹಾಯ ಮಾಡುತ್ತದೆ. ತೋಟದಲ್ಲಿ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದಲ್ಲ, ಆ ವೇಗ ನೆನಪಿಸಿಕೊಳ್ಳಿ. ಪೈಪು ತೀರಾ ಅಗಲವಾದರೆ ಹೊಗೆ ನಿಧಾನವಾಗುತ್ತದೆ, ಸೆಳೆತ ಹೋಗುತ್ತದೆ, 2000ದಿಂದ 3000ದವರೆಗಿನ ಎಳೆತ ಸಪ್ಪೆಯಾಗುತ್ತದೆ. ನಿಮ್ಮ ಗೆಳೆಯರು ಗಮನಿಸಿದ್ದು ಇದನ್ನೇ ಇರಬೇಕು. ಅವರು ಕಂಡದ್ದು ನಿಜ, ಕಾರಣ ಮಾತ್ರ ಬೇರೆ. ಮೂಲ ಸ್ಥಿತಿಯ 1.8 ಲೀಟರ್ ಎಂಜಿನ್ನಿಗೆ ಹಳೆಯ ಪೈಪಿನ ಅಳತೆಯೇ ಸಾಕು. 2 ಇಂಚು ದಾಟಲೇ ಬೇಡಿ.

ಲೋಹದ ಆಯ್ಕೆ. ನಿಮ್ಮ ಹಿಂದಿನ ಡಬ್ಬ ತೂತಾದದ್ದು ಹೊರಗಿನ ಮಳೆಯಿಂದ ಎಂದುಕೊಂಡಿದ್ದೀರಾ? ಜಾಸ್ತಿ ಪಾಲು ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದರೆ ಪೈಪೆಲ್ಲ ಬಿಸಿಯಾಗಿ ಅದು ಆವಿಯಾಗಿ ಹೋಗುತ್ತದೆ. ಚಳಿಗಾಲದಲ್ಲಿ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ, ಎಂಜಿನ್ನಿನಿಂದ ಅತಿ ದೂರ ಇರುವ ಹಿಂದಿನ ಡಬ್ಬ ಬಿಸಿಯೇ ಆಗುವುದಿಲ್ಲ. ಹೊಗೆಯ ಆಮ್ಲ ಬೆರೆತ ನೀರು ಅಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಬ್ಯಾಟರಿ ಇಳಿಯದಿರಲಿ ಎಂದು ಶೆಡ್ಡಿನಲ್ಲಿ ಹೀಗೆ ಸ್ಟಾರ್ಟ್ ಮಾಡುವವರು ಬಹಳ ಜನ. ಬ್ಯಾಟರಿಗೆ ಚಾರ್ಜರ್ ಹಾಕಿ. ಕಾರು ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆಯಾದರೂ ಓಡಿಸಿ. ಊರಿನಲ್ಲಿ ಅಂಬಾಸಿಡರ್ ಉಳಿಸಿಕೊಂಡವರಿಗೂ ಇದೇ ಮಾತು.

ಸ್ಟೇನ್‌ಲೆಸ್ ಎಂದು ಮಾರುವುದರಲ್ಲಿ ಎರಡು ಬಗೆ ಸಾಮಾನ್ಯ. 304 ದರ್ಜೆ, 409 ದರ್ಜೆ. 409 ಅಗ್ಗ, ಆದರೆ ಮೇಲ್ಮೈಯಲ್ಲಿ ಕಂದು ತುಕ್ಕು ಬರುತ್ತದೆ. ಅಯಸ್ಕಾಂತ ಹಿಡಿದು ನೋಡಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಬಹುಪಾಲು ಅಂಟುವುದಿಲ್ಲ. ಬಾಗಿಸಿದ ಕಡೆ ಸ್ವಲ್ಪ ಎಳೆದರೆ ಗಾಬರಿಯಾಗಬೇಡಿ. ನಿಮ್ಮ ಕಾರು ಇನ್ನು ಇಪ್ಪತ್ತು ವರ್ಷ ನಿಮ್ಮಲ್ಲೇ ಇರಬೇಕು ಅಂದರೆ 304 ತೆಗೆದುಕೊಳ್ಳಿ. ಅದರ ಒಂದು ಗುಣ ತಿಳಿದಿರಲಿ: ಬಿಸಿಯಾದಾಗ ಸಾದಾ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಒಂದು ಮೀಟರ್ ಪೈಪಿನ ಬಿಸಿ 300 ಡಿಗ್ರಿ ಏರಿದರೆ ಸಾದಾ ಉಕ್ಕು ಮೂರೂವರೆ ಮಿ.ಮೀ. ಉದ್ದವಾಗುತ್ತದೆ, 304 ಐದು ಮಿ.ಮೀ. ಎಂಜಿನ್ನಿನಿಂದ ಬಂಪರಿನವರೆಗಿನ ಉದ್ದಕ್ಕೆ ಲೆಕ್ಕ ಹಾಕಿ. ಶೆಡ್ಡಿನಲ್ಲಿ ತಣ್ಣಗಿರುವಾಗ ಕಾರಿನ ಮೈಗೆ ತಾಗದ ಪೈಪು ಮೋಟಾರ್‌ವೇನಲ್ಲಿ ಬಡಿದುಕೊಳ್ಳುವುದು ಇದರಿಂದಲೇ.

ಸದ್ದಿನ ಬಗ್ಗೆ ನೀವು ಬರೆದದ್ದು ನನಗೆ ತುಂಬ ಇಷ್ಟವಾಯಿತು. ಎಂಜಿಬಿಯ ಸದ್ದಿಗೆ ಒಂದು ಬೆಚ್ಚನೆಯ ಗುರುಗುರು ಇದೆ. ನಡುವಿನ ಎರಡು ಸಿಲಿಂಡರ್ ಒಂದೇ ಬಾಯಿಯಿಂದ ಉಸಿರು ಬಿಡುವುದೂ ಅದಕ್ಕೊಂದು ಕಾರಣ. ಅದನ್ನು ಉಳಿಸಿಕೊಂಡು, ಕಿವಿಗೆ ಹೊಡೆಯುವ ಭಾಗವನ್ನಷ್ಟೇ ತೆಗೆಯಬೇಕು.

ಆ ಹೊಡೆತ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಬಹುದು. ಓವರ್‌ಡ್ರೈವ್ ಹಾಕಿದ ನಾಲ್ಕನೇ ಗೇರಿನಲ್ಲಿ ಎಂಜಿಬಿ ಪ್ರತಿ 1000 ಆರ್‌ಪಿಎಂಗೆ ಸುಮಾರು 22 ಮೈಲಿ ವೇಗ ಹೋಗುತ್ತದೆ. 70 ಮೈಲಿಗೆ ಎಂಜಿನ್ 3200ರ ಹತ್ತಿರ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉಸಿರು ಬಿಡುತ್ತದೆ. ಅಂದರೆ ಸೆಕೆಂಡಿಗೆ ನೂರಕ್ಕೂ ಸ್ವಲ್ಪ ಹೆಚ್ಚು ಬಡಿತ. ಈ ನೂರು ಹರ್ಟ್ಸ್ ಆಸುಪಾಸಿನ ಸದ್ದು ಕಿವಿಗಿಂತ ಎದೆಗೆ, ತಲೆಗೆ ತಾಗುತ್ತದೆ. ಗಂಟೆಗಟ್ಟಲೆ ಕೇಳಿದರೆ ತಲೆನೋವು ಖಂಡಿತ. ಮಧ್ಯದ ಡಬ್ಬ ತೆಗೆದು ನೇರ ಪೈಪು ಹಾಕಿದವರ ಕಾರಿನಲ್ಲಿ ಈ ಗುಂಯ್ ಸದ್ದು ಸರಿಯಾಗಿ ಮೋಟಾರ್‌ವೇ ವೇಗದಲ್ಲೇ ಎದ್ದು ನಿಲ್ಲುತ್ತದೆ. ಊರೊಳಗೆ ಓಡಿಸಿ ನೋಡಿದಾಗ ಗೊತ್ತೇ ಆಗುವುದಿಲ್ಲ. ಅದಕ್ಕೇ ಎರಡು ಡಬ್ಬ ಇರಲಿ ಅಂದದ್ದು.

ಡಬ್ಬಗಳಲ್ಲೂ ಎರಡು ಜಾತಿ. ಒಂದರಲ್ಲಿ ತೂತು ತೂತಾದ ನೇರ ಕೊಳವೆ, ಸುತ್ತ ಗಾಜಿನ ನಾರು ತುಂಬಿರುತ್ತದೆ. ಇದು ಕೀರಲು ಸದ್ದನ್ನು ಚೆನ್ನಾಗಿ ಹೀರುತ್ತದೆ, ಗುಂಯ್ ಎನ್ನುವುದನ್ನು ಅಷ್ಟಾಗಿ ಹೀರುವುದಿಲ್ಲ. ಇನ್ನೊಂದರಲ್ಲಿ ಒಳಗೆ ಗೋಡೆ, ಕೋಣೆಗಳಿರುತ್ತವೆ. ಸದ್ದು ಅಲ್ಲಿ ತಿರುಗಿ ತಿರುಗಿ ತನ್ನನ್ನೇ ಕೊಂದುಕೊಳ್ಳುತ್ತದೆ. ತಗ್ಗಿನ ಸದ್ದಿಗೆ ಇದು ಮದ್ದು. ಒಂದು ನೇರ ಕೊಳವೆಯದು, ಒಂದು ಕೋಣೆಯದು ಇರುವ ಸೆಟ್ ಹುಡುಕಿ. ಸ್ಟೇನ್‌ಲೆಸ್‌ನ ತೆಳು ತಗಡಿಗೆ ಸ್ವಲ್ಪ ತಗಡಿನ ದನಿಯೇ ಇರುತ್ತದೆ. ಡಬ್ಬದ ಹೊರಮೈ ಎರಡು ಪದರ ಇದ್ದರೆ ಅದು ಕಡಿಮೆ. ಕೊಳ್ಳುವ ಮುಂಚೆ ಬೆರಳಿನಿಂದ ತಟ್ಟಿ ನೋಡಿ. ಟಣ್ ಅಂದರೆ ಬೇಡ, ಟಪ್ ಅಂದರೆ ಒಳ್ಳೆಯದು. ಸಾಧ್ಯವಾದರೆ ಅದೇ ಸೆಟ್ ಹಾಕಿದ ಒಂದು ಕಾರಿನಲ್ಲಿ ಕೂತು 70 ಮೈಲಿ ವೇಗದಲ್ಲಿ ಇಪ್ಪತ್ತು ನಿಮಿಷ ಹೋಗಿ ಬನ್ನಿ. ನಿಮ್ಮ ಹೆಂಡತಿಯವರನ್ನೂ ಕರೆದುಕೊಂಡು ಹೋಗಿ, ಅವರ ತೀರ್ಪೇ ಮುಖ್ಯ.

ಬಾಲದ ಪೈಪು ಬಂಪರಿಗಿಂತ ಸ್ವಲ್ಪ ಹೊರಗೆ ಬರಲೇಬೇಕು. ಟಾಪು ಹಾಕಿದ ರೋಡ್‌ಸ್ಟರ್ ಓಡುವಾಗ ಹಿಂದೆ ಗಾಳಿ ಸುಳಿದು ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ಮಂಪರು ಬಂದ ಮೇಲೆ ಗೊತ್ತಾಗುತ್ತದೆ. ನಿಮ್ಮ ಡಬ್ಬ ಈಗಲೇ ತೂತಾಗಿದೆ ಎಂದಿರಿ. ಹಾಗಾದರೆ ಸರಿಯಾಗುವವರೆಗೆ ಟಾಪು ಹಾಕಿ ದೂರ ಹೋಗಬೇಡಿ. ಬೂಟ್ ಮುಚ್ಚಳದ ರಬ್ಬರ್, ನೆಲದ ರಬ್ಬರ್ ಬಿರಡೆಗಳು ಎಲ್ಲ ಇವೆಯೇ ನೋಡಿ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಈಗ ಕೂಡಿಸುವ ಕೆಲಸ. ಕಷ್ಟ ಇರುವುದು ಹಳೆಯದನ್ನು ಬಿಚ್ಚುವುದರಲ್ಲಿ. ಮ್ಯಾನಿಫೋಲ್ಡ್ ಮತ್ತು ಇಳಿಪೈಪು ಸೇರುವಲ್ಲಿ ಆರು ಸ್ಟಡ್‌ಗಳಿವೆ, ಅವಕ್ಕೆ ಹಿತ್ತಾಳೆ ನಟ್. ಹಿತ್ತಾಳೆ ಉಕ್ಕಿನ ಜೊತೆ ತುಕ್ಕಿನಿಂದ ಬೆಸೆಯುವುದಿಲ್ಲ, ಆದರೆ ಮೆತ್ತಗೆ. ಸವೆದ ಪಾನಾ ಹಾಕಿದರೆ ಮೂಲೆ ಉರುಟಾಗುತ್ತದೆ. ಆರು ಮೂಲೆಯ ಸಾಕೆಟ್ ಬಳಸಿ. ಮೂರು ದಿನ ಮುಂಚಿನಿಂದ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬಿಚ್ಚುವಾಗ ಮೊದಲು ಒಂದು ಕೂದಲಿನಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಸ್ಟಡ್ ಮುರಿದರೆ ಎರಡು ದಿನದ ಕೆಲಸ ಒಂದು ವಾರವಾಗುತ್ತದೆ, ಆದ್ದರಿಂದ ಇಲ್ಲಿ ತಾಳ್ಮೆಯೇ ಅಗ್ಗ. ಹೊಸದಕ್ಕೂ ಹಿತ್ತಾಳೆ ನಟ್ಟನ್ನೇ ಹಾಕಿ. ಚೆಂದ ಕಾಣುತ್ತದೆ ಎಂದು ಸ್ಟೇನ್‌ಲೆಸ್ ಸ್ಟಡ್ಡಿಗೆ ಸ್ಟೇನ್‌ಲೆಸ್ ನಟ್ ಹಾಕಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ.

ಕಾರನ್ನು ಜಾಕ್ ಮೇಲೆ ಬಿಟ್ಟು ಕೆಳಗೆ ಹೋಗಬೇಡಿ. ನಾಲ್ಕು ಗಟ್ಟಿ ಸ್ಟ್ಯಾಂಡ್ ಇಡಿ, ಕಾರನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಮಲಗಿ.

ಹೊಸ ಸೆಟ್ಟನ್ನು ಮುಂದಿನಿಂದ ಹಿಂದಿನವರೆಗೆ ಸಡಿಲವಾಗಿ ನೇತುಹಾಕಿ. ಯಾವ ಕ್ಲ್ಯಾಂಪನ್ನೂ ಬಿಗಿ ಮಾಡಬೇಡಿ. ಹಳೆಯ ನೇತುರಬ್ಬರ್‌ಗಳನ್ನು ಎಸೆದು ಹೊಸದು ಹಾಕಿ. ಪೈಪಿಗೂ ಕಾರಿನ ಮೈಗೂ ಎಲ್ಲ ಕಡೆ ಎರಡು ಬೆರಳು ಜಾಗ ಇರಲಿ. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಹತ್ತಿರ ಇನ್ನೂ ಜಾಸ್ತಿ. ಆಕ್ಸಲ್ ಕೆಳಗೆ ತೂಗುತ್ತಿರುವಾಗ ಒಮ್ಮೆ, ಚಕ್ರ ನೆಲದ ಮೇಲೆ ಇದ್ದು ಇಬ್ಬರು ಕೂತಾಗ ಇನ್ನೊಮ್ಮೆ ನೋಡಿ. ಎಂಜಿನ್ ಸ್ಟಾರ್ಟ್ ಮಾಡಿ ಒಬ್ಬರು ಆಕ್ಸಲರೇಟರ್ ತಟ್ಟಿದರೆ ಎಂಜಿನ್ ಒಂದು ಕಡೆಗೆ ವಾಲುತ್ತದೆ, ಅದರ ಜೊತೆ ಪೈಪೂ ಹೋಗುತ್ತದೆ. ಆಗಲೂ ತಾಗಬಾರದು. ಎಲ್ಲ ಸರಿ ಅನ್ನಿಸಿದ ಮೇಲೆ ಮುಂದಿನಿಂದ ಶುರುಮಾಡಿ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ.

ಸೋರಿಕೆ ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ, ಶೆಡ್ಡಿನ ಹೊರಗೆ ಸ್ಟಾರ್ಟ್ ಮಾಡಿ. ಕೈಗವಸು ಹಾಕಿಕೊಂಡು, ಮಡಿಸಿದ ಬಟ್ಟೆಯಿಂದ ಬಾಲದ ಪೈಪನ್ನು ಎರಡು ಮೂರು ಸೆಕೆಂಡು ಒತ್ತಿ. ಜಾಯಿಂಟುಗಳಲ್ಲಿ ಸುಸ್ ಎಂದು ಕೇಳಿದರೆ ಅಲ್ಲಿ ಸೋರುತ್ತಿದೆ. ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಪಟಪಟ ಸಿಡಿಯುತ್ತಿದ್ದರೆ ಅದೂ ಸೋರಿಕೆಯ ಲಕ್ಷಣವೇ. ಹೊರಗಿನ ಗಾಳಿ ಒಳಗೆ ನುಗ್ಗಿ, ಸುಡದೆ ಬಂದ ಪೆಟ್ರೋಲ್ ಅಲ್ಲಿ ಹೊತ್ತಿಕೊಳ್ಳುತ್ತದೆ. ಕೆಲವರು ಆ ಸದ್ದನ್ನು ಇಷ್ಟಪಡುತ್ತಾರೆ. ನನಗೆ ಅದು ಇನ್ನೂ ಮುಗಿಯದ ಕೆಲಸದ ಸದ್ದು.

ಆಮೇಲೆ ಕಾರ್ಬುರೇಟರ್ ನೋಡಲೇಬೇಕು. ಹೊಸ ಸೈಲೆನ್ಸರಿನಲ್ಲಿ ಹೊಗೆ ಸಲೀಸಾಗಿ ಹೋದರೆ ಎಂಜಿನ್ ಸ್ವಲ್ಪ ಜಾಸ್ತಿ ಗಾಳಿ ಎಳೆಯುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಬೀಳಬಹುದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಎರಡೂ ಎಸ್‌ಯುಗಳ ಗಾಳಿ ಸಮ ಮಾಡಿಕೊಂಡು, ಒಂದರ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಎತ್ತಲು ಪಿನ್ ಇದ್ದರೆ ಅದರಿಂದ, ಇಲ್ಲದಿದ್ದರೆ ಏರ್ ಫಿಲ್ಟರ್ ತೆಗೆದು ಸಣ್ಣ ಸ್ಕ್ರೂಡ್ರೈವರಿನಿಂದ. ಎಂಜಿನ್ ಒಂದು ಕ್ಷಣ ಏರಿ ಮತ್ತೆ ಮೊದಲಿನ ವೇಗಕ್ಕೆ ಬಂದರೆ ಮಿಶ್ರಣ ಸರಿ. ಏರಿದ್ದು ಏರಿದಂತೆಯೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದು ನಿಲ್ಲುವ ಹಾಗಾದರೆ ಪೆಟ್ರೋಲ್ ಕಡಿಮೆ. ಇದು ಐಡಲ್‌ನ ಲೆಕ್ಕ ಮಾತ್ರ. ಓಟದಲ್ಲಿ ಮಿಶ್ರಣ ನಿರ್ಧರಿಸುವುದು ಒಳಗಿನ ಸೂಜಿಯ ಆಕಾರ. ಹಳೆಯ ಅಳತೆಯ ಪೈಪು, ಎರಡು ಡಬ್ಬ ಇಟ್ಟುಕೊಂಡರೆ ಸೂಜಿ ಬದಲಿಸುವ ಅಗತ್ಯ ಬರುವುದು ಅಪರೂಪ. ಆದರೂ ಒಮ್ಮೆ ರೋಲಿಂಗ್ ರೋಡ್ (ಕಾರನ್ನು ನಿಂತಲ್ಲೇ ಉರುಳೆಗಳ ಮೇಲೆ ಓಡಿಸಿ ಅಳೆಯುವ ಯಂತ್ರ) ಇರುವ, ಎಸ್‌ಯು ಗೊತ್ತಿರುವ ಕಡೆ ಒಂದು ಗಂಟೆ ಟ್ಯೂನಿಂಗ್ ಮಾಡಿಸಿ. ಆ ಒಂದು ಗಂಟೆ ಎಷ್ಟೋ ಟ್ಯೂಬ್ ಮ್ಯಾನಿಫೋಲ್ಡ್‌ಗಳಿಗಿಂತ ಜಾಸ್ತಿ ಪಿಕಪ್ ಕೊಟ್ಟಿದ್ದನ್ನು ನಾನು ಕಂಡಿದ್ದೇನೆ.

ಕಾನೂನು. 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರಿಗೆ ಬ್ರಿಟನ್ನಿನಲ್ಲಿ ಎಂಒಟಿ (ವರ್ಷಕ್ಕೊಮ್ಮೆಯ ವಾಹನ ತಪಾಸಣೆ) ಕಡ್ಡಾಯವಲ್ಲ. ಸೈಲೆನ್ಸರ್ ಬದಲಿಸುವುದು ಆ ದೊಡ್ಡ ಬದಲಾವಣೆಗಳ ಲೆಕ್ಕಕ್ಕೆ ಬರುವುದಿಲ್ಲ. ಆದರೆ 1986ರ ವಾಹನ ನಿಯಮಗಳ ಪ್ರಕಾರ, ಸದ್ದು ಮೊದಲಿಗಿಂತ ಜಾಸ್ತಿಯಾಗುವಂತೆ ಸೈಲೆನ್ಸರ್ ಬದಲಿಸುವ ಹಾಗಿಲ್ಲ. ಹಳೇ ಕಾರಿಗೂ ಇದು ಅನ್ವಯಿಸುತ್ತದೆ. ಇನ್ಶೂರೆನ್ಸ್‌ನವರಿಗೂ ಒಂದು ಫೋನ್ ಮಾಡಿ ತಿಳಿಸಿ. ಕಡ್ಡಾಯ ಇಲ್ಲದಿದ್ದರೂ ನಾನು ನನ್ನ ಕಾರನ್ನು ವರ್ಷಕ್ಕೊಮ್ಮೆ ಎಂಒಟಿಗೆ ಒಯ್ಯುತ್ತೇನೆ, ಕೆಳಗಿನ ಭಾಗವನ್ನು ಇನ್ನೊಬ್ಬರ ಕಣ್ಣು ನೋಡಲಿ ಎಂದು.

ಕೊನೆಗೆ ಒಂದು ಮಾತು, ಬಹಳ ಜನ ಮರೆಯುವುದು. ಕೂಡಿಸಿದ ಮೇಲೆ ಸುಮಾರು 100 ಮೈಲಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಎಲ್ಲ ಕ್ಲ್ಯಾಂಪು ಮತ್ತು ಆ ಆರು ಹಿತ್ತಾಳೆ ನಟ್‌ಗಳಿಗೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಕನಿಷ್ಠ ಎರಡಾದರೂ ಕಾಲು ಸುತ್ತು ಬಿಗಿಯಾಗುತ್ತವೆ.